ಬಣ್ಣವನ್ನಲ್ಲ, ಕಣ್ಣನ್ನು ನೋಡಿ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಮೊದಲ ವಾರದಲ್ಲಿ ನಮ್ಮ ಎಂಟನೆಯ ತರಗತಿಗೆ ಒಬ್ಬ ಹುಡುಗ ಹೊಸದಾಗಿ ಬಂದು ಸೇರಿದ. ತಲೆಗೂದಲು, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲವೂ ಒಣಹುಲ್ಲಿನ ಬಣ್ಣ, ಮೈ ತಿಳಿಗೆಂಪು. ಬಂದವನೇ ಹಿಂದಿನ ಬೆಂಚಿನ ಮೂಲೆ ಹಿಡಿದ. ಎರಡೇ ದಿನಗಳಲ್ಲಿ ಮಕ್ಕಳು ಅವನಿಗೆ 'ಸಾಯಿಪ್ಪ್' ಎಂದು ಹೆಸರಿಟ್ಟರು. ಹಲಗೆಯ ಮೇಲಿನದನ್ನು ಬರೆದುಕೊಳ್ಳೆಂದರೆ ಬರೆಯುತ್ತಿರಲಿಲ್ಲ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ. ಮಾತನಾಡಿಸಿದರೆ ಕತ್ತನ್ನು ಒಂದು ಬದಿಗೆ ತಿರುಗಿಸಿ ಓರೆಯಾಗಿ ನೋಡುತ್ತಿದ್ದ. ಇದು ಉದ್ಧಟತನವೆಂದೇ ನಾನು ತಿಳಿದೆ. "ಮುಖ ನೆಟ್ಟಗಿಟ್ಟು ಮಾತಾಡು" ಎಂದು ಗದರಿಸಿ, ಗಲ್ಲ ಹಿಡಿದು ಮುಖವನ್ನು ನೇರ ಮಾಡಿದ್ದೂ ಉಂಟು.

ಮೂರು ತಿಂಗಳ ಬಳಿಕ ಅವನ ತಾಯಿ ಕಣ್ಣಿನ ವೈದ್ಯರಿಗೆ ತೋರಿಸಿ ಬಂದು ಹೇಳಿದರು: "ಮಾಷ್ಟ್ರೇ, ಇವನ ಕಣ್ಣು ನಿಂತಲ್ಲಿ ನಿಲ್ಲದೆ ಅಲುಗಾಡುತ್ತದಂತೆ. ಕತ್ತು ಓರೆ ಮಾಡಿದರೆ ಸ್ವಲ್ಪ ನಿಲ್ಲುವುದಂತೆ. ಅದಕ್ಕೇ ಹಾಗೆ ಮಾಡುವುದಂತೆ." ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು?

ಆ ಹುಡುಗನಿಗೆ ಇರುವುದು ಆಲ್ಬಿನಿಸಂ. ನಮ್ಮಲ್ಲಿ ಅನೇಕರು ಇದನ್ನು ತೊನ್ನು ಎಂದುಕೊಳ್ಳುತ್ತಾರೆ. ಎರಡೂ ಬೇರೆ. ತೊನ್ನು ಹುಟ್ಟಿದ ಮೇಲೆ ಎಂದಾದರೂ ಕಾಣಿಸಿಕೊಳ್ಳುವಂಥದು. ಬಣ್ಣ ತಯಾರಿಸುವ ಕೋಶಗಳೇ ನಾಶವಾಗಿ ಮೈಮೇಲೆ ಬಿಳಿಯ ಕಲೆಗಳೇಳುತ್ತವೆ. ಆಲ್ಬಿನಿಸಂ ಹುಟ್ಟಿನಿಂದಲೇ ಇರುತ್ತದೆ. ಇಲ್ಲಿ ಕೋಶಗಳೆಲ್ಲ ಇವೆ, ಬಣ್ಣ ಮಾತ್ರ ಇಲ್ಲ ಅಥವಾ ತೀರ ಕಡಿಮೆ. ಚರ್ಮಕ್ಕೂ ಕೂದಲಿಗೂ ಕಣ್ಣಿಗೂ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ನಮ್ಮ ದೇಹದಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ತಯಾರಾಗುತ್ತದೆ. ಈ ಕೆಲಸಕ್ಕೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವದ ವಂಶವಾಹಿಯಲ್ಲಾಗಲಿ, ಇದೇ ಕೆಲಸಕ್ಕೆ ಸಂಬಂಧಿಸಿದ ಇತರ ಕೆಲವು ವಂಶವಾಹಿಗಳಲ್ಲಾಗಲಿ ದೋಷವಿದ್ದರೆ ತಯಾರಿ ಅರ್ಧಕ್ಕೆ ನಿಲ್ಲುತ್ತದೆ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1908ರಲ್ಲಿ ಹುಟ್ಟಿನಿಂದಲೇ ಬರುವ ರಾಸಾಯನಿಕ ದೋಷಗಳ ಕುರಿತು ಉಪನ್ಯಾಸ ಮಾಡಿದಾಗ ಹೆಸರಿಸಿದ ನಾಲ್ಕರಲ್ಲಿ ಇದೂ ಒಂದು. ಯುರೋಪು, ಉತ್ತರ ಅಮೆರಿಕಗಳಲ್ಲಿ ಇದು 17 ರಿಂದ 20 ಸಾವಿರ ಜನರಲ್ಲಿ ಒಬ್ಬರಿಗೆ; ಆಫ್ರಿಕದ ಟಾಂಜಾನಿಯದಲ್ಲಿ ಸುಮಾರು 1,400 ಜನರಲ್ಲಿ ಒಬ್ಬರಿಗೆ. ಅಲ್ಲಿ ಮಾಟಗಾರರ ಮಾತು ನಂಬಿ ಇಂಥವರ ಕೈಕಾಲು ಕಡಿದವರೂ ಇದ್ದಾರೆ.

ನಮ್ಮಲ್ಲಿ ಅಷ್ಟು ಕ್ರೌರ್ಯವಿಲ್ಲ ನಿಜ. ಆದರೆ ಬಾಯಿಗಳಿವೆಯಲ್ಲ! ಗ್ರಹಣದ ಹೊತ್ತಿಗೆ ಬಸುರಿ ಹೊರಗೆ ಬಂದಿರಬೇಕು, ಕುಂಕುಮಹೂವಿನ ಹಾಲು ಹೆಚ್ಚಾಗಿರಬೇಕು, ಹಿರಿಯರ ಶಾಪವಿರಬೇಕು ಎಂದು ಬಾಣಂತಿಯ ಮಂಚದ ಬಳಿಯೇ ಹೇಳುವವರಿದ್ದಾರೆ. ಇನ್ನೂ ಹೀನವಾದ ಸಂಶಯವನ್ನು ಗಂಡನ ಕಿವಿಗೆ ಊದುವವರೂ ಇದ್ದಾರೆ. ನಿಜಸಂಗತಿ ಏನೆಂದರೆ, ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ದೋಷವುಳ್ಳ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರಬೇಕು. ಅಂದರೆ ಇದರಲ್ಲಿ ಇಬ್ಬರದೂ ಸಮಪಾಲು. ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲವಾದ್ದರಿಂದ ಕಪ್ಪು ಕೂದಲಿನ ತಂದೆತಾಯಿಗೆ ತಮ್ಮಲ್ಲಿ ಅದಿದೆಯೆಂದು ಗೊತ್ತೇ ಇರುವುದಿಲ್ಲ. ಇಂಥ ದಂಪತಿಗಳಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವ. 'ಒಂದು ಆಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ' ಎಂಬ ಲೆಕ್ಕ ತಪ್ಪು. ಸೋದರತ್ತೆ, ಸೋದರಮಾವನ ಮಕ್ಕಳೊಳಗೆ ಮದುವೆಯಾದಲ್ಲಿ ಒಂದೇ ದೋಷ ಎರಡು ಕಡೆಯಿಂದಲೂ ಬಂದು ಕೂಡುವ ಸಂಭವ ಹೆಚ್ಚು.

ಜನ ಬಣ್ಣವನ್ನೇ ನೋಡುತ್ತಾರೆ. ಮಗುವಿಗೆ ನಿಜವಾದ ತೊಡಕು ಕಣ್ಣಿನದು. ಗರ್ಭದಲ್ಲಿ ಕಣ್ಣು ರೂಪುಗೊಳ್ಳುವಾಗ ಮೆಲನಿನ್ ತಯಾರಿ ಸರಿಯಾಗಿ ನಡೆಯದಿದ್ದರೆ, ಕಣ್ಣಿನ ಪರದೆಯ ನಡುವೆ ಸೂಕ್ಷ್ಮವಾಗಿ ನೋಡಲು ಇರುವ ಪುಟ್ಟ ಕುಳಿ ಪೂರ್ತಿ ಬೆಳೆಯುವುದಿಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ನರದೆಳೆಗಳು ಕೂಡ ಇರಬೇಕಾದುದಕ್ಕಿಂತ ಹೆಚ್ಚಾಗಿ ಎದುರು ಬದಿಗೆ ದಾಟುತ್ತವೆ. ಹುಟ್ಟಿದ ಎರಡು ಮೂರು ತಿಂಗಳೊಳಗೆ ಕಣ್ಣುಗುಡ್ಡೆ ಅತ್ತಿತ್ತ ಅಲುಗತೊಡಗುತ್ತದೆ. ಬಿಸಿಲಿಗೆ ಕಣ್ಣು ತೆರೆಯಲಾಗದು. ಎಸೆದ ಚೆಂಡು ಎಷ್ಟು ದೂರದಲ್ಲಿದೆಯೆಂದು ಅಂದಾಜು ಸಿಗದು. ಕನ್ನಡಕದಿಂದ ಕೊಂಚ ಪ್ರಯೋಜನವುಂಟು, ಪೂರ್ತಿ ಇಲ್ಲ. ಚರ್ಮ ಬೆಳ್ಳಗಾಗದೆ ಕಣ್ಣಿಗೆ ಮಾತ್ರ ಬಾಧಿಸುವ ಬಗೆಯೊಂದಿದೆ. ಅದು ತಾಯಿಯ ಮೂಲಕ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ನೋಡಿದವರಿಗೆ ಗುರುತೇ ಹತ್ತುವುದಿಲ್ಲ.

ಬುದ್ಧಿಗೆ ಯಾವ ಕೊರತೆಯೂ ಇಲ್ಲ. ಮುಟ್ಟಿದರೆ ಅಂಟುವುದಿಲ್ಲ. "ಹಲಗೆ ಕಾಣುವುದಿಲ್ಲವೆಂದು ಮೊದಲೇ ಏಕೆ ಹೇಳಲಿಲ್ಲವೋ?" ಎಂದು ಹುಡುಗನನ್ನು ಕೇಳಿದೆ. "ಎಲ್ಲರಿಗೂ ಹೀಗೇ ಕಾಣುವುದು ಅಂತ ಎಣಿಸಿದ್ದೆ ಮಾಷ್ಟ್ರೇ" ಎಂದ.

ಆಮೇಲೆ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಅವನನ್ನು ಮುಂದಿನ ಬೆಂಚಿಗೆ ತಂದೆವು. ಅಲ್ಲಿಯೂ ಅವನು ಕತ್ತು ಓರೆ ಮಾಡಿದರೆ ಹಲಗೆ ಎದುರಾಗುವಂಥ ತುದಿಗೆ. ಕಿಟಿಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಬೆನ್ನಿಗೆ ಬಂತು. ಹಲಗೆಯಲ್ಲಿ ಬರೆಯುವುದನ್ನು ಬಾಯಿಯಲ್ಲಿಯೂ ಹೇಳುವ ಅಭ್ಯಾಸ ಮಾಡಿಕೊಂಡೆ. ಡ್ರಿಲ್ಲಿನ ಹೊತ್ತಿಗೆ ನೆರಳು, ತೊಡಲು ತುಂಬುತೋಳಿನ ಅಂಗಿ, ತಲೆಗೆ ಅಗಲ ಅಂಚಿನ ಟೋಪಿ. ಇದು ಬರಿಯ ಮುದ್ದು ಮಾಡುವುದಲ್ಲ. ಮೆಲನಿನ್ನಿನ ಕಾಪಿಲ್ಲದ ಚರ್ಮಕ್ಕೆ ಬಿಸಿಲಿನ ನೇರಳಾತೀತ ಕಿರಣಗಳು ವರ್ಷಗಟ್ಟಲೆ ತಾಗಿದರೆ ಕ್ಯಾನ್ಸರ್ ಬರುವ ಅಪಾಯವಿದೆ. ಚರ್ಮದ ಮೇಲೆ ಒಣಗದ ಹುಣ್ಣೊಂದು ಎದ್ದರೆ ಮನೆಮದ್ದು ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ಹೆತ್ತವರಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಂದದೃಷ್ಟಿಯೂ ಸೇರಿದೆ. ವೈದ್ಯಕೀಯ ಪರೀಕ್ಷೆಯಲ್ಲಿ ನ್ಯೂನತೆ ಶೇಕಡ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ದೊರೆತರೆ, ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಲಿಖಿತ ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಾಗದಷ್ಟು ಹೆಚ್ಚುವರಿ ಸಮಯ ಸಿಗಬೇಕು. ಹತ್ತನೆಯ ತರಗತಿಗೆ ಬಂದ ಮೇಲೆ ಇದಕ್ಕೆ ಓಡಾಡಿದರೆ ತಡವಾಗುತ್ತದೆ. ಎಂಟರಲ್ಲಿಯೇ ಆರಂಭಿಸುವುದು ಲೇಸು. ನಮ್ಮ ಹುಡುಗನ ತಾಯಿ ಇದಕ್ಕಾಗಿ ಐದು ಸಲ ಬಸ್ಸು ಹತ್ತಿದರು. ಪತ್ರ ಕೈಗೆ ಬಂದಾಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು.