ಬಿಸಿಲಿನ ಲೆಕ್ಕ ತಿಳಿದಿದ್ದ ವಾಸ್ತುಶಿಲ್ಪಿ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಗೃಹಸಾಲದ ಅರ್ಜಿಯ ಜೊತೆ ಮನೆಯ ನಕ್ಷೆಯೂ ಮೇಜಿಗೆ ಬರುತ್ತಿತ್ತು. ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಜನ ಅದನ್ನು ನೋಡುತ್ತಿದ್ದುದು ಬಾಗಿಲು ಎತ್ತ ಇಡಬೇಕೆಂದು ತಿಳಿಯಲು. ಸಂಜೆಬಿಸಿಲು ಯಾವ ಗೋಡೆಗೆ ಬಡಿಯುತ್ತದೆ ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನೇ ಮೊದಲು ಕೇಳುತ್ತಿದ್ದ ಒಬ್ಬರು ನಮ್ಮ ಪಕ್ಕದ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರು. ಅವರೇ ಓಟೋ ಕೋನಿಗ್ಸ್‌ಬರ್ಗರ್.

ಅವರು ಹುಟ್ಟಿದ್ದು 1908ರಲ್ಲಿ, ಬರ್ಲಿನ್ ನಗರದಲ್ಲಿ. ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡರು. ಕೆಲವು ವರ್ಷ ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು.

ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡವೂ ಊಟದ ಸಭಾಂಗಣವೂ ಅವರ ವಿನ್ಯಾಸ. ಕಿಟಕಿಯ ಮೇಲೆ ಸಜ್ಜಾ ಚಾಚಿದರೆ ಬಿಸಿಲೂ ಮಳೆಯೂ ಹೊರಗೇ ನಿಲ್ಲುತ್ತವೆ. ಎದುರುಬದುರು ಗೋಡೆಗಳಲ್ಲಿ ಕಿಂಡಿಯಿದ್ದರೆ ಗಾಳಿ ತಾನೇ ಹಾಯುತ್ತದೆ. ಇದು ನಮ್ಮ ಹಿರಿಯರಿಗೂ ತಿಳಿದಿದ್ದ ಮಾತು. ಅವರು ಅದನ್ನು ಲೆಕ್ಕ ಹಾಕಿ ಶಾಸ್ತ್ರವಾಗಿಸಿದರು.

ಮುಂದೆ ಉಕ್ಕಿನ ಊರು ಜಮ್‌ಷೆಡ್‌ಪುರಕ್ಕೆ, 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೆ ನಗರಯೋಜನೆ ಮಾಡಿದರು. ಊರನ್ನು ಬಡಾವಣೆಗಳಾಗಿ ವಿಂಗಡಿಸಿ, ಶಾಲೆ, ಅಂಗಡಿ, ಆಟದ ಬಯಲು ನಡೆದುಹೋಗುವಷ್ಟು ಹತ್ತಿರದಲ್ಲೇ ಇರಬೇಕು, ಮಕ್ಕಳು ದೊಡ್ಡ ರಸ್ತೆ ದಾಟಬಾರದು ಎಂಬುದು ಆ ಯೋಜನೆಯ ತಿರುಳು.

ಎಲ್ಲವೂ ಕೈಗೂಡಲಿಲ್ಲ. ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದಾಗ, ದೇಶ ವಿಭಜನೆಯ ನಿರಾಶ್ರಿತರಿಗಾಗಿ ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು ಮನೆ ಜೋಡಿಸುವ ಕೆಲಸ ದೆಹಲಿಯಲ್ಲಿ ಆರಂಭವಾಯಿತು. ಅದು ಸೋತಿತು. 1951ರಲ್ಲಿ ಅವರು ಲಂಡನ್‌ಗೆ ಹೋದರು. ಆದರೆ ಇಲ್ಲಿ ಕಲಿತದ್ದನ್ನು ಮರೆಯಲಿಲ್ಲ. 1954ರಿಂದ ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಪಾಠ ನಡೆಯಿತು. ನಾನಾ ದೇಶಗಳ ವಿದ್ಯಾರ್ಥಿಗಳು ಬಂದರು. 1999ರಲ್ಲಿ ತೀರಿಕೊಂಡರು.

ನಮ್ಮ ಹೊಸೂರೂ ಕಾರ್ಖಾನೆಗಳಿಂದ ಬೆಳೆದ ಊರೇ. ಸಿಪ್ಕಾಟ್ ಬಂದದ್ದು 1970ರ ದಶಕದಲ್ಲಿ. ಮಹಾನಗರ ಪಾಲಿಕೆಯಾದದ್ದು 2019ರಲ್ಲಿ. ಸೈಟು ಕೊಳ್ಳುವಾಗ ನಾವು ಚದರಡಿಯ ಬೆಲೆ ಕೇಳುತ್ತೇವೆ. ಜೊತೆಗೆ ಇನ್ನೆರಡು ಮಾತು ಕೇಳೋಣ: ಪಡುವಣ ಗೋಡೆಗೆ ನೆರಳೆಲ್ಲಿಂದ? ಮಗು ಶಾಲೆಗೆ ಹೆದ್ದಾರಿ ದಾಟಬೇಕೇ? ಮನೆ ಕಟ್ಟಿದ ಮೇಲೆ ಗೋಡೆಯನ್ನೂ ತಿರುಗಿಸಲಾಗದು, ರಸ್ತೆಯನ್ನೂ ಸರಿಸಲಾಗದು.