ಬಾನೆಟ್ ಮೇಲಿನ ಹೆಸರು ನಂಬಬ್ಯಾಡ್ರಿ

ನಮ್ಮ ಗೆಳೆಯನ ಊರು ಔರಾದ್ ತಾಲ್ಲೂಕಿನ ಚಿಂತಾಕಿ. ಬೇಸಿಗೆ ರಜೆಯಲ್ಲಿ ನಾವು ಮೂವರು ಅಲ್ಲಿಗೆ ಹೋದಾಗ ಅವರ ಮುತ್ಯಾನ ಟ್ರ್ಯಾಕ್ಟರ್ ಬೇವಿನ ಮರದ ಕೆಳಗೆ ನಿಂತಿತ್ತು. ಮಿರಗ ಮಳೆ ಬಿದ್ದ ಕೂಡಲೇ ಸೋಯಾ, ತೊಗರಿ ಬಿತ್ತಬೇಕು. ಆಗ ಬಾಡಿಗೆ ಟ್ರ್ಯಾಕ್ಟರ್‌ಗೆ ಊರೆಲ್ಲ ಪಾಳಿ. "ಹೊಸ ಪಿಸ್ಟನ್ ಹಾಕಿಸೀನಿ, ಆದ್ರೂ ಸ್ಟಾರ್ಟ್ ಆಗವಲ್ದು ನೋಡ್ರಪಾ" ಅಂದರು ಮುತ್ಯಾ. ಬಾನೆಟ್ ಮೇಲೆ 'ಮಹೀಂದ್ರ' ಅಂತ ಬರೆದಿತ್ತು. ಕೆಂಪು ಬಣ್ಣ ಕಿತ್ತುಹೋದ ಕಡೆ ಕೆಳಗಿನಿಂದ ಹಳೆ ಹೆಸರು ಇಣುಕುತ್ತಿತ್ತು: ಇಂಟರ್‌ನ್ಯಾಷನಲ್.

ಕಾಯಿಲೆಯ ಮೂಲ ಈ ಎರಡು ಹೆಸರುಗಳ ನಡುವೆಯೇ ಇತ್ತು.

ಬಿ-275 ಹುಟ್ಟಿದ್ದು 1958ರಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿದ್ದ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಾರ್ಖಾನೆಯಲ್ಲಿ. 1963ರಲ್ಲಿ ಆ ಕಂಪನಿ, ಮಹೀಂದ್ರ ಮತ್ತು ವೋಲ್ಟಾಸ್ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಶುರು ಮಾಡಿದವು. 1977ರಲ್ಲಿ ಅದು ಮಹೀಂದ್ರದೊಳಗೆ ವಿಲೀನವಾಯಿತು. ತಮಾಷೆ ಏನಂದ್ರೆ, 1985ರಲ್ಲಿ ತಾಯಿ ಕಂಪನಿಯ ಕೃಷಿ ಯಂತ್ರ ವಿಭಾಗವೇ ಮಾರಾಟವಾಗಿ ಕೇಸ್ ಕಂಪನಿಯ ಜೊತೆ ಸೇರಿಹೋಯಿತು. 275 ಅನ್ನೋ ನಂಬರು ಮಾತ್ರ ನಮ್ಮ ಹೊಲಗಳಲ್ಲಿ ಉಳಿಯಿತು.

ನಂಬರು ಉಳಿದರೂ ಒಳಗಿನದು ಬದಲಾಯಿತು. ಮೂಲ ಎಂಜಿನ್ ಬಿಡಿ-144: ನಾಲ್ಕು ಸಿಲಿಂಡರ್, 144 ಘನ ಇಂಚು, ಅಂದರೆ ಸುಮಾರು 2360 ಸಿಸಿ. ಅದರಲ್ಲಿ ಡೀಸೆಲ್ ಮೊದಲು ಹೆಡ್‌ನೊಳಗಿನ ಸಣ್ಣ ಕೋಣೆಗೆ ಸಿಂಪಡಣೆಯಾಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಅದನ್ನು ಬಿಸಿ ಮಾಡಲು ಹೀಟರ್ ಪ್ಲಗ್ ಬೇಕು. ಆಮೇಲೆ ಬಂದ 275 ಡಿಐನಲ್ಲಿ 'ಡಿಐ' ಅಂದ್ರೆ ಡೈರೆಕ್ಟ್ ಇಂಜೆಕ್ಷನ್. ಅಲ್ಲಿ ಹೆಡ್‌ನ ಕೋಣೆ ಇಲ್ಲ, ಪಿಸ್ಟನ್ ತಲೆಯ ಮೇಲಿನ ಬಟ್ಟಲೇ ದಹನದ ಜಾಗ.

ಬಂದಿದ್ದ ಪಿಸ್ಟನ್ ಡಿಐದು. ಹೆಡ್ ಹಳೆಯದು. ಸೆಕೆಂಡ್ ಇಯರ್ ಥರ್ಮೋ ನೆನಪಿಸಿಕೊಳ್ರಿ: ಒಂದು ಸಿಲಿಂಡರಿನ ಸ್ವೆಪ್ಟ್ ವಾಲ್ಯೂಮ್ 590 ಸಿಸಿ. ಕಂಪ್ರೆಷನ್ ರೇಷಿಯೊ 19 ಅಂತ ಇಟ್ಕೊಂಡರೆ ಕ್ಲಿಯರೆನ್ಸ್ 590/18, ಹೆಚ್ಚುಕಮ್ಮಿ 33 ಸಿಸಿ. ಹೆಡ್‌ನ ಕೋಣೆಯ ಜೊತೆಗೆ ಪಿಸ್ಟನ್ನಿನ ಬಟ್ಟಲು ಇನ್ನೊಂದು 25 ಸಿಸಿ ಸೇರಿಸಿತು ಅನ್ನಿ. 33 ಹೋಗಿ 58 ಆಯ್ತು. ಈಗ ರೇಷಿಯೊ ಬರೀ 11. ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಷ್ಟು ಗಾಳಿ ಕಾಯುವುದೇ ಇಲ್ಲ. ಮುತ್ಯಾ ಬ್ಯಾಟರಿ ಬದಲಿಸಿದ್ದರು, ನಾಜಲ್ ಸ್ವಚ್ಛ ಮಾಡಿಸಿದ್ದರು, ಪಾಪ.

ಇಂಥ ಗೊಂದಲ 275ಕ್ಕೆ ಮಾತ್ರ ಅಲ್ಲ. ಎಸ್ಕಾರ್ಟ್ಸ್‌ನವರ ಫೋರ್ಡ್ ಮುಂದೆ ಫಾರ್ಮ್‌ಟ್ರ್ಯಾಕ್ ಆಯಿತು. ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಿಂದ ಪಿಂಜೋರ್‌ನಲ್ಲಿ ಚೆಕ್ ದೇಶದ ಜೆಟರ್ ವಿನ್ಯಾಸದ ಟ್ರ್ಯಾಕ್ಟರ್ ಮಾಡಿತು; ಅದನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಅಂಥ ಗಾಡಿಗೆ ಬಿಡಿಭಾಗ ಹುಡುಕುವವರು ಬಾನೆಟ್ ಬಿಟ್ಟು ಎಂಜಿನ್ ಪ್ಲೇಟಿನ ನಂಬರು ಬರೆದುಕೊಳ್ಳಬೇಕು, ಹಳೆ ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು.

ಮುತ್ಯಾನ ಹಳೆ ಪಿಸ್ಟನ್‌ಗಳು ಅದೃಷ್ಟಕ್ಕೆ ದನದ ಕೊಟ್ಟಿಗೆಯ ಮೂಲೆಯಲ್ಲೇ ಸಿಕ್ಕವು. ಒಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಗೆಳೆಯ ಮರುದಿನ ಬೆಳಗಿನ ಬಸ್ಸಿಗೆ ಬೀದರ್ ಕಡೆ ಹೊರಟ. ಮಿರಗಕ್ಕೆ ಇನ್ನು ಒಂಬತ್ತೇ ದಿನ ಉಳಿದಿದ್ದವು.