ಮೊಬೈಲ್ ಪಾಠ ಕಲಿಸಿದ ಪಾಠ

"ಅಮ್ಮಾ, ನೆಟ್‌ವರ್ಕ್ ಹೋಯ್ತು!" 2020-21ರಲ್ಲಿ ಮೊಬೈಲ್ ಇದ್ದ ಮನೆಗಳಲ್ಲೆಲ್ಲ ಕೇಳಿಬರುತ್ತಿದ್ದ ಕೂಗಿದು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಆ ಅವಧಿಯ ನಷ್ಟ ಸಣ್ಣದಲ್ಲ. ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ, ಶೇಕಡಾ 92ರಷ್ಟು ಮಕ್ಕಳು ಭಾಷೆಯಲ್ಲಿ ಮೊದಲು ಕಲಿತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದು ಕಂಡುಬಂತು.

ಹಾಗೆಂದು ಆ ಅನುಭವವನ್ನು ಅಟ್ಟಕ್ಕೆ ಹಾಕಿಬಿಡಬೇಕೇ? ಬೇಡ. ಮೊಬೈಲಿನ ಮುಂದೆ ಕುಳಿತು ಪಾಠ ಹೇಳಿದ ಉಪಾಧ್ಯಾಯರು ಕಲಿತದ್ದೂ ಉಂಟು. ಅದು ಕರಿಹಲಗೆಯ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಎಲ್ಲರೂ ಉತ್ತರಿಸಲಿ

ತರಗತಿಯಲ್ಲಿ "ಅರ್ಥ ಆಯ್ತಾ?" ಎಂದರೆ "ಆಯ್ತು ಟೀಚರ್" ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಮೊಬೈಲಿನಲ್ಲಿ ಆ ರಾಗವಿಲ್ಲ, ಮಕ್ಕಳ ಮುಖವೂ ಸರಿಯಾಗಿ ಕಾಣದು. ಆದ್ದರಿಂದ ಪ್ರತಿಯೊಂದು ಮಗುವಿನಿಂದಲೂ ಉತ್ತರ ಬರೆಸಿ, ಫೋಟೋ ತರಿಸಿ ನೋಡಬೇಕಾಯಿತು. ಹೀಗೆ ನೋಡಿದಾಗ ರಾಗದ ಹಿಂದೆ ಅಡಗಿದ್ದ ತಪ್ಪುಗಳು ಬಯಲಾಗುತ್ತವೆ. ಬಾಯಿ ಬಿಡದ ಮಗುವಿನ ಜಾಣತನವೂ ಕಾಣುತ್ತದೆ.

ಇದಕ್ಕೆ ತರಗತಿಯಲ್ಲಿ ಮೊಬೈಲ್ ಬೇಕಿಲ್ಲ, ಸ್ಲೇಟು ಬಳಪ ಸಾಕು. ಎಲ್ಲರೂ ಉತ್ತರ ಬರೆದು ಒಟ್ಟಿಗೆ ಎತ್ತಿ ಹಿಡಿದರೆ, ಹಿಂದಿನ ಬೆಂಚಿನ ಮಗುವಿಗೆ ಎಲ್ಲಿ ತೊಡಕಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಸ್ವಲ್ಪ ತಾಳ್ಮೆ

ಮೊಬೈಲಿನಲ್ಲಿ ದನಿ ತಡವಾಗಿ ತಲುಪುವುದರಿಂದ ಉತ್ತರಕ್ಕೆ ಕಾಯಲೇಬೇಕಿತ್ತು. ಈ ಕಾಯುವಿಕೆಯ ಬೆಲೆಯನ್ನು ಅಮೆರಿಕದ ಮೇರಿ ಬಡ್ ರೋ ಎಂಬಾಕೆ 1970ರ ದಶಕದಲ್ಲೇ ತೋರಿಸಿದ್ದರು. ಪ್ರಶ್ನೆ ಕೇಳಿದ ಉಪಾಧ್ಯಾಯರು ಸಾಮಾನ್ಯವಾಗಿ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಸುಮ್ಮನಿರುವವರು ಕಡಿಮೆಯಾದರು.

ತುತ್ತು ತುತ್ತಾಗಿ

ಪರದೆಯ ಮುಂದೆ ಮಕ್ಕಳು ಬಹಳ ಹೊತ್ತು ಕೂರಲಾರರು. ಅದಕ್ಕೇ ಎಷ್ಟೋ ಉಪಾಧ್ಯಾಯರು ಪಾಠವನ್ನು ಸಣ್ಣ ತುಂಡುಗಳಾಗಿಸಿ, ನಡುವೆ ಪ್ರಶ್ನೆ ಕೇಳುತ್ತಿದ್ದರು. ನಲವತ್ತು ನಿಮಿಷದ ಪಿರಿಯಡ್ಡಿಗೂ ಇದು ಒಪ್ಪುತ್ತದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತೆಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು.

ಆದರೆ ರಾತ್ರಿ ವಾಟ್ಸಾಪಿನಲ್ಲಿ ಮನೆಗೆಲಸ ಕಳಿಸುವ ಅಭ್ಯಾಸ ಮಾತ್ರ ಮುಂದುವರಿಯಬಾರದು. ಮನೆಯಲ್ಲಿರುವ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿದ್ದರೆ ಆ ಮಗುವಿನ ಗತಿಯೇನು?

ತಾಯಂದಿರಿಗೆ ಒಂದು ಮಾತು

ನಾವೂ ಇದರಲ್ಲಿ ಕೈಜೋಡಿಸಬಹುದು. "ಓದಿದ್ಯಾ?" ಎಂದರೆ "ಹೂಂ" ಎಂಬ ಉತ್ತರವಷ್ಟೇ ಸಿಗುತ್ತದೆ. ಅದರ ಬದಲು ತರಕಾರಿ ಹೆಚ್ಚುತ್ತಲೇ, "ಪುಸ್ತಕ ಮುಚ್ಚಿಟ್ಟು, ಇವತ್ತು ಏನು ಹೇಳಿಕೊಟ್ರು ನಂಗೂ ಹೇಳು ಮರೀ" ಎನ್ನಿ. ಮಗು ತಡವರಿಸಿದರೆ ಗದರದೆ ಕಾಯಿರಿ. ಪೋಷಕರ ಸಭೆಗೆ ಹೋದಾಗ ಅಂಕ ಎಷ್ಟೆಂದು ಕೇಳುವುದರ ಜೊತೆಗೆ, "ನನ್ನ ಮಗು ತರಗತಿಯಲ್ಲಿ ಬಾಯಿಬಿಟ್ಟು ಮಾತಾಡುತ್ತಾ?" ಎಂದೂ ವಿಚಾರಿಸಿ. ಸಂಕೋಚದ ಮಗುವಿನ ಪರವಾಗಿ ಈ ಪ್ರಶ್ನೆಯನ್ನು ತಾಯಿಯಲ್ಲದೆ ಇನ್ಯಾರು ಕೇಳಬೇಕು?